ಜಲವರ್ಣದಲ್ಲಿ ಆಲದ ಮರ: ಕೆಟ್ಟದ್ದೆಲ್ಲಿ, ಸರಿಪಡಿಸುವುದು ಹೇಗೆ

ಪೆನ್ಸಿಲಿನಲ್ಲಿ ಚೆನ್ನಾಗಿಯೇ ನಿಂತಿದ್ದ ಆಲದ ಮರ ಬಣ್ಣ ಬಿದ್ದ ಅರ್ಧ ಗಂಟೆಯಲ್ಲಿ ಹಸಿರು ಮುದ್ದೆಯಾಗುತ್ತದೆ. ಬಿಳಲುಗಳು ಕಿಟಕಿ ಸರಳುಗಳಂತೆ ಕಾಣುತ್ತವೆ, ಬೊಡ್ಡೆ ಕೆಸರಾಗುತ್ತದೆ. ಆಗ ಹೆಚ್ಚಿನವರು ಬಣ್ಣವನ್ನು ದೂರಿ ಇನ್ನೂ ದುಬಾರಿಯ ಟ್ಯೂಬ್ ತರುತ್ತಾರೆ. ಆದರೆ ಬಹುಪಾಲು ದೋಷ ಬಣ್ಣದ್ದಲ್ಲ, ನೀರಿನದು. ಹಾಳೆಯಲ್ಲಿ ಎಷ್ಟು ನೀರಿದೆ, ಬ್ರಷ್‌ನಲ್ಲಿ ಎಷ್ಟಿದೆ, ಎರಡೂ ಯಾವ ಹೊತ್ತಿಗೆ ಕೂಡಿದವು ಎಂಬುದನ್ನು ನೋಡಿದರೆ ಕಾರಣ ಅಲ್ಲೇ ಸಿಗುತ್ತದೆ. ಅದಕ್ಕೇ ಇಲ್ಲಿ ಪ್ರತಿ ಲಕ್ಷಣಕ್ಕೂ ಮೊದಲು ಖರ್ಚಿಲ್ಲದ ಪರೀಕ್ಷೆ, ಆಮೇಲೆ ಹೆಚ್ಚು ಕೆಲಸ ಬೇಡುವ ಪರಿಹಾರ.

ಯಾವ ದೋಷಕ್ಕೂ ಮೊದಲು: ಹಾಳೆಯ ಹೊಳಪು ನೋಡಿ

ಹಾಳೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಬೆಳಕಿಗೆ ಓರೆಯಾಗಿ ಹಿಡಿಯಿರಿ. ನಾಲ್ಕು ಸ್ಥಿತಿಗಳು ಕಾಣುತ್ತವೆ. ಕನ್ನಡಿಯಂತೆ ಹೊಳೆಯುತ್ತಿದ್ದರೆ ನೀರು ಮೇಲೆಯೇ ನಿಂತಿದೆ, ಹಾಕಿದ ಬಣ್ಣ ತನಗಿಷ್ಟ ಬಂದಲ್ಲಿ ಹರಿಯುತ್ತದೆ. ರೇಷ್ಮೆಯ ಸೆರಗಿನಂತೆ ಮಂದವಾಗಿ ಮಿನುಗುತ್ತಿದ್ದರೆ ಅಂಚು ಮೃದುವಾಗಿಯೂ ಆಕಾರ ಹಿಡಿತದಲ್ಲಿಯೂ ಇರುತ್ತದೆ. ಎಲೆಗುಂಪಿನ ಒಳನೆರಳು ಹಾಕಲು ಇದೇ ಹದ. ಹೊಳಪು ಹೋಗಿದೆ, ಆದರೆ ಅಂಗೈಯ ಹಿಂಬದಿ ತಾಗಿಸಿದರೆ ತಣ್ಣಗಿದೆ ಎಂದರೆ ಹಾಳೆಯ ಒಳಗೆ ಇನ್ನೂ ಹಸಿ ಇದೆ. ಅಪಾಯದ ಹೊತ್ತು ಇದು, ಆಗ ಕೈ ಹಾಕಬೇಡಿ. ತಣ್ಣಗೂ ಇಲ್ಲ ಎಂದಾದರೆ ಪೂರ್ತಿ ಒಣಗಿದೆ, ಮುಂದಿನ ಪದರ ಹಾಕಬಹುದು.

ಈ ಹದಗಳು ಎಷ್ಟು ಹೊತ್ತು ನಿಲ್ಲುತ್ತವೆ ಎಂಬುದು ಊರಿನ ಮೇಲೆ ಹೋಗುತ್ತದೆ. ಏಪ್ರಿಲಿನ ರಾಯಚೂರಿನಲ್ಲಿ ರೇಷ್ಮೆ ಹೊಳಪು ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗುತ್ತದೆ. ಜುಲೈಯ ಮಂಗಳೂರಿನಲ್ಲೋ ಆಗುಂಬೆಯಲ್ಲೋ ಒಂದು ವಾಶ್ (ನೀರಾದ ಬಣ್ಣದ ಅಗಲ ಪದರ) ಹಾಕಿ ಊಟ ಮುಗಿಸಿ ಬಂದರೂ ಹಾಳೆ ತಣ್ಣಗೇ ಇರುತ್ತದೆ. ಬೇರೆ ಊರಿನವರು ಹೇಳಿದ ನಿಮಿಷದ ಲೆಕ್ಕವನ್ನು ನಂಬಬೇಡಿ, ಹೊಳಪನ್ನು ನಂಬಿ.

ಬಣ್ಣದ ಹದಕ್ಕೆ ಅಡುಗೆಮನೆಯ ಅಳತೆ ಸಾಕು: ನೀರುಮಜ್ಜಿಗೆ, ಹಾಲು, ಗಟ್ಟಿ ಮೊಸರು. ಎ4 ಹಾಳೆಯ ಮರಕ್ಕೆ ನೀರುಮಜ್ಜಿಗೆ ಹದದ್ದು ಎರಡು ಟೀ ಚಮಚ, ಹಾಲಿನ ಹದದ್ದು ಒಂದು ಚಮಚ, ಮೊಸರಿನ ಹದದ್ದು ಕಾಲು ಚಮಚ ಮೊದಲೇ ಕಲಸಿಟ್ಟುಕೊಳ್ಳಿ. ನಡುವೆ ಬಣ್ಣ ಮುಗಿದು ಮತ್ತೆ ಕಲಸುವಷ್ಟರಲ್ಲಿ ಹಾಳೆಯ ಹದ ತಪ್ಪುತ್ತದೆ. ಮುಂದೆ ಹೇಳುವ ದೋಷಗಳಲ್ಲಿ ಹಲವು ಹುಟ್ಟುವುದು ಆ ಗಡಿಬಿಡಿಯಲ್ಲೇ.

ಎಲೆಗಳೆಲ್ಲ ಒಂದೇ ಹಸಿರು ಮುದ್ದೆಯಾಗಿವೆ

ಚಿತ್ರವನ್ನು ಗೋಡೆಗೆ ಒರಗಿಸಿ ಹತ್ತು ಹೆಜ್ಜೆ ಹಿಂದೆ ಹೋಗಿ, ಕಣ್ಣು ಅರೆಮುಚ್ಚಿ ನೋಡಿ. ಫೋನಿನಲ್ಲಿ ಫೋಟೋ ತೆಗೆದು ಕಪ್ಪು ಬಿಳುಪು ಮಾಡಿದರೂ ಆದೀತು. ಇಡೀ ಎಲೆಗುಂಪು ಒಂದೇ ಬೂದು ತೇಪೆಯಾಗಿ ಕಂಡರೆ ಕೊರತೆ ಗಾಢ ಮತ್ತು ತಿಳಿಯ ಅಂತರದಲ್ಲಿದೆ. ಇನ್ನೂ ಹತ್ತು ಬಗೆಯ ಹಸಿರು ತಂದು ಸುರಿದರೂ ಅದು ಸರಿಹೋಗದು.

ಕಪ್ಪು ಬಿಳುಪಿನಲ್ಲಿ ಅಂತರ ಚೆನ್ನಾಗಿದ್ದೂ ಮುದ್ದೆ ಎನಿಸುತ್ತಿದ್ದರೆ ಆಕಾಶದ ಕಿಂಡಿಗಳನ್ನು ಎಣಿಸಿ. ಆಲದ ತಲೆ ದಟ್ಟವಾದರೂ ಕೊಂಬೆ ಕೊಂಬೆಯ ನಡುವೆ ಆಕಾಶ ಇಣುಕುತ್ತದೆ. ಐದಾರು ಕಿಂಡಿ ಬಿಡಿ, ಆದರೆ ಒಂದೇ ಅಳತೆಯವು ಬೇಡ. ಎಲೆಗುಂಪಿನ ಅಂಚಿಗೆ ಹತ್ತಿರದವು ದೊಡ್ಡದಾಗಿ, ಮಧ್ಯದವು ಚಿಕ್ಕದಾಗಿ ಇರಲಿ. ಕಿಂಡಿಯೊಳಗಿನ ಆಕಾಶವನ್ನು ಹೊರಗಿನ ಆಕಾಶಕ್ಕಿಂತ ಒಂದು ಮೆಟ್ಟಿಲು ಗಾಢ ಮಾಡಿ. ಸುತ್ತ ಕತ್ತಲಿರುವುದರಿಂದ ಹಾಗೇ ಬಿಟ್ಟ ಬಿಳಿ ಕಾಗದ ತೂತು ಬಿದ್ದಂತೆ ಕಾಣುತ್ತದೆ.

ಇದಾವುದೂ ಅಲ್ಲದಿದ್ದರೆ ದೋಷ ಎಲೆಗಳನ್ನು ಗುಂಪು ಮಾಡಿದ ರೀತಿಯದು. ಆಲದ ಎಲೆ ನಾಲ್ಕರಿಂದ ಎಂಟು ಅಂಗುಲ ಉದ್ದದ, ತೊಗಲಿನಂತೆ ದಪ್ಪನೆಯ ಎಲೆ. ಅವು ಕೊಂಬೆಯ ತುದಿಯಲ್ಲಿ ಗೊಂಚಲಾಗಿ ಕೂರುತ್ತವೆ. ಹಾಗಾಗಿ ಮರದ ತಲೆ ಒಂದು ಗೋಳವಲ್ಲ, ಒಂದರ ಮೇಲೊಂದು ಚಾಚಿದ ಹಲವು ಚಪ್ಪರಗಳು. ಪ್ರತಿ ಚಪ್ಪರಕ್ಕೂ ಬೆಳಗಿದ ಮೇಲ್ಮೈ ಇದೆ, ಕತ್ತಲಾದ ತಳ ಇದೆ. ಚಿತ್ರ ಇನ್ನೂ ರೇಷ್ಮೆ ಹೊಳಪಿನಲ್ಲಿದ್ದರೆ ಪ್ರತಿ ಚಪ್ಪರದ ತಳಕ್ಕೆ ಮೊಸರಿನ ಹದದ ಗಾಢ ಹಸಿರು ತಾಗಿಸಿ. ಒಣಗಿ ಹೋಗಿದ್ದರೆ ಹಿಂದಿನ ಚಪ್ಪರದ ನೆರಳನ್ನು ಮುಂದಿನ ಚಪ್ಪರದ ಮೇಲಂಚಿನ ಸುತ್ತ ಕೊರೆದಂತೆ ಹಾಕಿ, ಇನ್ನೊಂದು ಬದಿಯನ್ನು ಶುದ್ಧ ನೀರಿನ ಬ್ರಷ್‌ನಿಂದ ಕರಗಿಸಿ. ಬಿಡಿ ಎಲೆಗಳನ್ನು ಅಂಚಿನಲ್ಲಿ ಮಾತ್ರ, ಹೆಚ್ಚೆಂದರೆ ಹದಿನೈದಿಪ್ಪತ್ತು ತೋರಿಸಿ. ಉಳಿದದ್ದನ್ನು ನೋಡುವವರ ಕಣ್ಣು ತುಂಬಿಕೊಳ್ಳುತ್ತದೆ.

ಹಸಿರು ಪ್ಲಾಸ್ಟಿಕ್ ಗಿಡದ ಹಾಗಿದೆ

ಟ್ಯೂಬಿನಿಂದ ಹಾಗೇ ಬಂದ ವಿರಿಡಿಯನ್, ಥ್ಯಾಲೋ ಗ್ರೀನ್ ಎಂಬ ಸಿದ್ಧ ಹಸಿರುಗಳು ಇದ್ದರೆ ಕಾರಣ ಅದೇ. ಅದಕ್ಕೆ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣವನ್ನು ಸ್ವಲ್ಪ ಸ್ವಲ್ಪವಾಗಿ, ಬ್ರಷ್‌ನ ತುದಿಯಷ್ಟೇ ಸೇರಿಸುತ್ತ ಹೋಗಿ. ಮಿನುಗು ಸತ್ತು ಎಲೆಯ ಹಸಿರು ಬರುವ ಒಂದು ಕ್ಷಣವಿದೆ, ಅದನ್ನು ದಾಟಿದರೆ ಕಂದು. ಇದಕ್ಕಿಂತ ಒಳ್ಳೆಯದು ಅಲ್ಟ್ರಾಮರೀನ್ ನೀಲಿಯ ಜೊತೆ ಗ್ಯಾಂಬೋಜ್ ಹಳದಿ ಕಲಸಿ ನಿಮ್ಮದೇ ಹಸಿರು ಮಾಡಿಕೊಳ್ಳುವುದು. ಅಲ್ಟ್ರಾಮರೀನ್‌ನಲ್ಲಿ ಕೆಂಪಿನ ಛಾಯೆ ಇರುವುದರಿಂದ ಅದರ ಹಸಿರು ಹುಟ್ಟುವಾಗಲೇ ಸ್ವಲ್ಪ ಮಾಗಿರುತ್ತದೆ, ಆಲಕ್ಕೆ ಅದು ಒಪ್ಪುತ್ತದೆ.

ಕಲಸಿದ ಹಸಿರೇ ಆಗಿದ್ದೂ ಕೃತಕ ಎನಿಸಿದರೆ ಬಿಸಿಲು ಯಾವ ಕಡೆಯಿಂದ ಬರುತ್ತಿದೆ ಎಂದು ಕೇಳಿಕೊಳ್ಳಿ. ಬಿಸಿಲು ಬಿದ್ದಲ್ಲೆಲ್ಲ ಹಳದಿ ಹಾಕುವ ಅಭ್ಯಾಸ ಈ ಮರಕ್ಕೆ ಹೊಂದುವುದಿಲ್ಲ. ಆಲದ ಎಲೆಯ ಮೇಲ್ಮೈ ನುಣುಪು. ಮಧ್ಯಾಹ್ನದ ಹೊತ್ತು ಅದು ಆಕಾಶವನ್ನೇ ಪ್ರತಿಫಲಿಸುತ್ತದೆ. ಆಗ ಚಪ್ಪರದ ಮೇಲ್ಭಾಗ ತಿಳಿನೀಲಿ ಬೆರೆತ ಬೂದುಹಸಿರು. ಹಳದಿ ಹಸಿರು ಕಾಣುವುದು ಬೆಳಗ್ಗೆ, ಸಂಜೆ, ಬಿಸಿಲು ಎಲೆಯ ಹಿಂದಿನಿಂದ ತೂರಿ ಬರುವಾಗ. ಒಂದೇ ಮರದಲ್ಲಿ ಎರಡನ್ನೂ ಒಟ್ಟಿಗೆ ಹಾಕಿದರೆ ಹೊತ್ತು ಯಾವುದೆಂದೇ ತಿಳಿಯದೆ ಹಸಿರು ಸುಳ್ಳಾಗುತ್ತದೆ. ಹೊಸ ಚಿಗುರಿಗೆ ಕೆಂಗಂದು ಛಾಯೆ ಇರುವುದುಂಟು. ಅಂಥ ಎರಡು ಮೂರು ತೇಪೆ ಹಾಕಿದರೆ ಉಳಿದ ಹಸಿರೆಲ್ಲ ಜೀವ ತಳೆಯುತ್ತದೆ.

ಹಣ್ಣಿನ ಕೆಂಪು ಹಸಿರಿನ ಮೇಲೆ ಕಂದಾಗಿ ಸತ್ತಿದೆ ಎಂಬುದು ಇದರ ಜೊತೆಗೇ ಬರುವ ದೂರು. ಜಲವರ್ಣ ಪಾರದರ್ಶಕ, ಹಸಿರಿನ ಮೇಲೆ ಕೆಂಪು ಹಾಕಿದರೆ ಎರಡೂ ಸೇರಿ ಕಾಣುತ್ತವೆ. ಪೂರ್ತಿ ಒಣಗಿದ ಮೇಲೆ ಬಿಳಿ ಪೋಸ್ಟರ್ ಕಲರ್‌ನ ಚುಕ್ಕೆ ಇಟ್ಟು, ಅದೂ ಒಣಗಿದ ಮೇಲೆ ಕೆಂಪು ಕೂರಿಸಿ. ಆಲದ ಹಣ್ಣಿಗೆ ತೊಟ್ಟಿಲ್ಲ, ಎಲೆಯ ಬುಡದಲ್ಲಿ ರೆಂಬೆಗೇ ಅಂಟಿಕೊಂಡು ಜೋಡಿಜೋಡಿಯಾಗಿ ಇರುತ್ತದೆ. ಚೆರ್ರಿಯಂತೆ ತೂಗುಹಾಕಬೇಡಿ.

ಹೂಕೋಸಿನಂಥ ಅಂಚು ಎದ್ದಿದೆ

ಹಸಿರಿನ ಮಧ್ಯೆ ಸುಕ್ಕುಸುಕ್ಕಿನ ಅಂಚಿನ ತಿಳಿ ಮಚ್ಚೆ ಬಂದಿದ್ದರೆ, ಹಾಳೆ ಒಣಗುತ್ತಿದ್ದಾಗ ಅದಕ್ಕಿಂತ ಹೆಚ್ಚು ನೀರಿದ್ದ ಬ್ರಷ್ ತಾಗಿದೆ. ಹೊಸ ನೀರು ಅರೆಒಣಗಿದ ಬಣ್ಣವನ್ನು ಅಂಚಿಗೆ ತಳ್ಳಿ ಅಲ್ಲಿ ರಾಶಿ ಹಾಕಿದೆ. ಹಾಳೆಯ ಬದಿಯಲ್ಲಿ ಎದ್ದಿದ್ದರೆ ಹಾಳೆಯನ್ನು ಹಲಗೆಗೆ ಅಂಟಿಸಿದ ಟೇಪಿನ ಅಂಚಿನಲ್ಲಿ ನಿಂತ ನೀರು ಹಿಂದಕ್ಕೆ ಹರಿದಿದೆ. ಪ್ರತಿ ವಾಶ್ ಆದ ಮೇಲೆ ಟೇಪಿನ ಸುತ್ತ ಟಿಶ್ಯೂವಿನಿಂದ ಒರೆಸಿಕೊಂಡರೆ ಅದು ಮರುಕಳಿಸದು.

ಕಂಡ ಕೂಡಲೇ ತಿದ್ದಲು ಹೋದರೆ ಒಂದು ಹೂಕೋಸು ಮೂರಾಗುತ್ತದೆ. ಪೂರ್ತಿ ಒಣಗಲು ಬಿಡಿ. ಆಮೇಲೆ ಗಟ್ಟಿ ಕೂದಲಿನ ಒದ್ದೆ ಬ್ರಷ್‌ನಿಂದ ಅಂಚನ್ನಷ್ಟೇ ಸವರಿ, ಟಿಶ್ಯೂ ಒತ್ತಿ ಎತ್ತಿ. ಹೋಗದಿದ್ದರೆ ಅದನ್ನೇ ಎಲೆಗೊಂಚಲಿನ ಅಂಚಾಗಿ ಬಳಸಿಕೊಳ್ಳಿ. ಆಲದ ತಲೆಯಲ್ಲಿ ಅದು ಎದ್ದು ಕಾಣುವುದಿಲ್ಲ. ಆಕಾಶದಲ್ಲಿ ಎದ್ದಿದ್ದರೆ ಮಾತ್ರ ಕಷ್ಟ.

ಬಿಳಲುಗಳು ಕಿಟಕಿ ಸರಳುಗಳಂತಿವೆ

ಆಲದ ಮರ ಆಲವಾಗುವುದು ಬಿಳಲಿನಿಂದ. ಹೆಚ್ಚು ಚಿತ್ರಗಳು ಸೋಲುವುದೂ ಅಲ್ಲಿಯೇ, ಆದ್ದರಿಂದ ಇಲ್ಲಿ ನಿಧಾನಿಸಿ ನೋಡಬೇಕು.

ಮೊದಲು ಬರಿಗಣ್ಣಿನ ಪರೀಕ್ಷೆ. ಬಿಳಲುಗಳ ನಡುವಿನ ಅಂತರ ಒಂದೇ ಸಮನಿದೆಯೇ? ದಪ್ಪ ಒಂದೇ ಇದೆಯೇ? ತುದಿಗಳೆಲ್ಲ ಒಂದೇ ಗೆರೆಯಲ್ಲಿ ನಿಂತಿವೆಯೇ? ಯಾವುದಕ್ಕೆ ಹೌದು ಎಂದರೂ ಸರಳು ಕಾಣುವುದು ಅದರಿಂದಲೇ. ಬಿಳಲು ಕೊಂಬೆಯ ತಳದಿಂದ ಗುಂಪುಗುಂಪಾಗಿ ಇಳಿಯುತ್ತದೆ. ಒಂದು ಕಡೆ ಏಳೆಂಟು ಸೇರಿ ಹೆಣೆದುಕೊಂಡಿರುತ್ತವೆ, ಪಕ್ಕದಲ್ಲಿ ಮೊಳ ಎರಡು ಮೊಳ ಖಾಲಿ.

ಎರಡನೆಯದು, ನೆಲ ಮುಟ್ಟಿದ ಬಿಳಲೋ ಮುಟ್ಟದ್ದೋ ಎಂದು ಪ್ರತಿಯೊಂದಕ್ಕೂ ತೀರ್ಮಾನಿಸಿ. ಎರಡರ ಸ್ವಭಾವವೇ ಬೇರೆ. ನೇತಾಡುವ ಬಿಳಲು ತೆಳು, ತುಸು ಓಲಾಡುತ್ತದೆ, ತುದಿಯಲ್ಲಿ ಬಿಚ್ಚಿದ ಹಗ್ಗದಂತೆ ಸಣ್ಣ ಎಳೆಗಳಾಗಿ ಒಡೆಯುತ್ತದೆ. ನೆಲಕ್ಕೆ ಬೇರು ಬಿಟ್ಟದ್ದು ಬಿಗಿದ ತಂತಿಯಂತೆ ನೆಟ್ಟಗಾಗಿ, ವರ್ಷ ಕಳೆದಂತೆ ದಪ್ಪನಾಗಿ, ಬುಡ ಅಗಲಿಸಿ ಕಂಬವಾಗುತ್ತದೆ. ನೇತಾಡುವುದನ್ನು ದಪ್ಪಗೆ ಬರೆದು ಗಾಳಿಯಲ್ಲಿ ಕತ್ತರಿಸಿದಂತೆ ಬಿಟ್ಟರೆ ಕಬ್ಬಿಣದ ಸರಳಾಗುತ್ತದೆ. ರಸ್ತೆ ಬದಿಯ ಮರಗಳಲ್ಲಿ ಬಸ್ಸು ಲಾರಿಗೆ ತಾಗದಿರಲೆಂದು ಬಿಳಲನ್ನು ಕತ್ತರಿಸಿರುತ್ತಾರೆ. ಅಂಥ ಮರ ನೋಡಿಯೇ ಬರೆಯುತ್ತಿದ್ದರೆ ಮೊಂಡು ತುದಿ ತಪ್ಪಲ್ಲ.

ಮೂರನೆಯದು ಕೈಯ ಚಲನೆ. ಆಕಾಶದ ಮುಂದಿನ ಗಾಢ ಬಿಳಲಿಗೆ ಉದ್ದ ಕೂದಲಿನ ರಿಗ್ಗರ್ ಬ್ರಷ್, 1 ಅಥವಾ 2ನೇ ನಂಬರಿನದು, ಹಾಲಿನ ಹದದ ಬಣ್ಣ. ಬಿಳಲು ಬೆಳೆದ ದಿಕ್ಕಿನಲ್ಲೇ, ಮೇಲಿನಿಂದ ಕೆಳಕ್ಕೆ, ಮೊಣಕೈಯಿಂದ ಎಳೆಯಿರಿ. ಕೊನೆಯಲ್ಲಿ ಒತ್ತಡ ಬಿಡಿ. ಬೆರಳಿನಿಂದ ಎಳೆದ ಗೆರೆ ಒಂದೂವರೆ ಅಂಗುಲಕ್ಕೇ ಬಾಗುತ್ತದೆ. ಗೆರೆ ನಡುವೆ ಹರಿದು ಚುಕ್ಕಿಚುಕ್ಕಿಯಾದರೆ ಬಣ್ಣ ಗಟ್ಟಿಯಾಗಿದೆ, ಒಂದೆರಡು ಹನಿ ನೀರು ಸಾಕು. ಗೆರೆ ಎರಡೂ ಬದಿಗೆ ಹರಡಿದರೆ ಹಾಳೆ ಒಣಗಿಲ್ಲ.

ಕತ್ತಲಿನ ಮುಂದಿನ ತಿಳಿ ಬಿಳಲು ಇನ್ನೂ ಕಠಿಣ. ಸುಲಭದ ದಾರಿ ಕೆರೆಯುವುದು. ಗಾಢ ವಾಶ್ ಹಾಕಿ, ಹಳೆಯ ಎಟಿಎಂ ಕಾರ್ಡಿನ ಮೂಲೆಯಿಂದ ಮೇಲಿಂದ ಕೆಳಕ್ಕೆ ಒತ್ತಿ ಎಳೆಯಿರಿ. ಗೆರೆ ಬಿಳಿಯಾಗುವ ಬದಲು ಸುತ್ತಲಿಗಿಂತ ಕಪ್ಪಾಯಿತೇ? ಅವಸರ ಮಾಡಿದ್ದೀರಿ. ಹಾಳೆ ತೀರಾ ಒದ್ದೆ ಇದ್ದು ಗೀಚಿನ ಹಳ್ಳಕ್ಕೆ ಬಣ್ಣ ಮತ್ತೆ ಹರಿದು ತುಂಬಿದೆ. ಗೆರೆ ಬೀಳಲೇ ಇಲ್ಲ ಎಂದರೆ ತಡ ಮಾಡಿದ್ದೀರಿ. ರೇಷ್ಮೆ ಹೊಳಪು ಹೋಗುವ ಅಂಚಿನಲ್ಲಿ ಎಳೆದರೆ ಬಣ್ಣ ಬದಿಗೆ ಸರಿದು ತಿಳಿ ಗೆರೆ ಉಳಿಯುತ್ತದೆ, ಆ ಗೆರೆಯ ಪಕ್ಕದಲ್ಲಿ ಸರಿದ ಬಣ್ಣವೇ ಸಣ್ಣ ನೆರಳೂ ಆಗುತ್ತದೆ. ಇದೇ ಹಾಳೆಯ ಚೂರಿನ ಮೇಲೆ ಅರ್ಧ ನಿಮಿಷಕ್ಕೊಂದರಂತೆ ಗೆರೆ ಎಳೆದು ನೋಡಿದರೆ ನಿಮ್ಮ ಊರಿನ, ಆ ದಿನದ ಸರಿಯಾದ ಹೊತ್ತು ಗೊತ್ತಾಗುತ್ತದೆ.

ಬಿಳಿ ಉಳಿಸಬೇಕಾದ ಜಾಗಕ್ಕೆ ಮೊದಲೇ ಹಚ್ಚಿ, ಬಣ್ಣ ಒಣಗಿದ ಮೇಲೆ ಕಿತ್ತು ತೆಗೆಯುವ ಮಾಸ್ಕಿಂಗ್ ಫ್ಲೂಯಿಡ್ ಬಳಸಿದ್ದರೆ ಬರುವ ದೂರುಗಳು ಎರಡು. ತೆಗೆಯುವಾಗ ಹಾಳೆ ಕಿತ್ತು ಬಂತು ಎಂದರೆ ಒದ್ದೆ ಹಾಳೆಯ ಮೇಲೆ ಹಚ್ಚಿದ್ದೀರಿ, ಇಲ್ಲವೇ ದಿನಗಟ್ಟಲೆ ಬಿಟ್ಟಿದ್ದೀರಿ, ಇಲ್ಲವೇ ಬೇಗ ಒಣಗಲೆಂದು ಹೇರ್ ಡ್ರೈಯರ್ ಬಿಸಿ ಹಿಡಿದಿದ್ದೀರಿ. ಹಚ್ಚಿದ ದಿನವೇ ತೆಗೆಯಿರಿ. ಬಿಳಲು ಕತ್ತರಿಯಲ್ಲಿ ಕತ್ತರಿಸಿ ಅಂಟಿಸಿದಂತಿದೆ ಎಂದರೆ ಅದು ಫ್ಲೂಯಿಡ್‌ನ ಗಡಸು ಅಂಚು: ಒದ್ದೆ ಬ್ರಷ್‌ನಿಂದ ಒಂದು ಬದಿಯನ್ನು ಸವರಿ ಮೃದುಗೊಳಿಸಿ, ಬಿಳಿಯ ಮೇಲೆ ಯೆಲ್ಲೋ ಓಕರ್ ಎಂಬ ಮಣ್ಣುಹಳದಿಯ ತೆಳು ಪದರ ಕೊಡಿ. ಫ್ಲೂಯಿಡ್ ಹಚ್ಚುವ ಬ್ರಷ್‌ಗೆ ಮೊದಲೇ ಸಾಬೂನು ಸವರಿಕೊಳ್ಳದಿದ್ದರೆ ಅದು ಮತ್ತೆ ಕೆಲಸಕ್ಕೆ ಬಾರದು. ಈ ದ್ರವದಲ್ಲಿ ಲೇಟೆಕ್ಸ್ ಇರುತ್ತದೆ, ಮೂಗಿಗೆ ಹೊಡೆಯುವ ಅಮೋನಿಯಾ ಇರುತ್ತದೆ. ಕಿಟಕಿ ತೆರೆದಿಡಿ. ರಬ್ಬರ್ ಕೈಗವಸು ಹಾಕಿದರೆ ತುರಿಕೆ ಬರುವವರು ಇದನ್ನು ಮುಟ್ಟಲೇಬೇಡಿ. ದದ್ದು ಎದ್ದರೆ ತೊಳೆದು ವೈದ್ಯರಿಗೆ ತೋರಿಸಿ, ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಒಂದು ಮರ ಬರೆದರೆ ಹತ್ತು ಮರದಂತೆ ಕಾಣುತ್ತಿದೆ

ಬೆಂಗಳೂರಿನ ಹತ್ತಿರ ರಾಮೋಹಳ್ಳಿಯ ಬಳಿಯ ದೊಡ್ಡ ಆಲದ ಮರವನ್ನು ಬರೆಯುವವರು ಈ ತೊಡಕಿಗೆ ಸಿಕ್ಕುತ್ತಾರೆ. ಸುಮಾರು ಮೂರು ಎಕರೆ ಹಬ್ಬಿದ ಆ ಮರದ ಮೂಲ ಬೊಡ್ಡೆ ರೋಗ ತಗುಲಿ ಹೋಗಿದೆ, ಈಗ ನಿಂತಿರುವುದು ಬಿಳಲುಗಳೇ ಬೊಡ್ಡೆಯಾದ ತೋಪು. ಅಲ್ಲಿ ನಡುವಿನ ಬೊಡ್ಡೆಯನ್ನು ಹುಡುಕಬೇಡಿ. ಒಂದು ಕಂಬದಿಂದ ಇನ್ನೊಂದಕ್ಕೆ ಹಾಯುವ ಅಡ್ಡ ಕೊಂಬೆಯೊಂದನ್ನು ಚಿತ್ರದ ಅರ್ಧದಷ್ಟಾದರೂ ಕಡಿಯದೆ ತೋರಿಸಿ, ಮೇಲಿನ ನೆರಳನ್ನು ಒಂದೇ ವಾಶ್‌ನಲ್ಲಿ ಹರಿಸಿ. ಹಿಂದಿನ ಕಂಬಗಳಿಗೆ ನೀರುಮಜ್ಜಿಗೆ ಹದ, ಮುಂದಿನ ಎರಡು ಮೂರಕ್ಕೆ ಮಾತ್ರ ಗಾಢ ಬಣ್ಣ.

ಬೊಡ್ಡೆ ಕೆಸರಾಗಿದೆ, ಇಲ್ಲವೇ ಚಪ್ಪಟೆಯಾಗಿದೆ

ಕೆಸರಿಗೆ ಕಾರಣ ಬಣ್ಣವೋ ಕೈಯೋ? ಪರೀಕ್ಷೆ ಸುಲಭ. ಪ್ಯಾಲೆಟ್‌ನಲ್ಲಿರುವ ಅದೇ ಮಿಶ್ರಣವನ್ನು ಹಾಳೆಯ ಚೂರಿನ ಮೇಲೆ ಒಂದೇ ಸಲ ಎಳೆದು ಬಿಟ್ಟುಬಿಡಿ. ಒಣಗಿದ ಮೇಲೆ ಅಲ್ಲಿ ಸ್ವಚ್ಛವಾಗಿ ಕಂಡರೆ ಮಿಶ್ರಣ ಸರಿಯಿದೆ. ಅರೆಒಣಗಿದ ಬೊಡ್ಡೆಯನ್ನು ಮತ್ತೆ ಮತ್ತೆ ಉಜ್ಜಿದ್ದು ತಪ್ಪು. ಚೂರಿನ ಮೇಲೂ ಕೆಸರಾದರೆ ಪ್ಯಾಲೆಟ್‌ನಲ್ಲಿ ಬಣ್ಣಗಳು ಹೆಚ್ಚಾಗಿವೆ. ಆಲದ ಬೂದು ತೊಗಟೆಗೆ ಅಲ್ಟ್ರಾಮರೀನ್ ಮತ್ತು ಬರ್ನ್ಟ್ ಸಿಯೆನ್ನಾ ಎರಡೇ ಸಾಕು. ಬಿಸಿಲಿನ ಬದಿಗೆ ಸಿಯೆನ್ನಾ ಮುಂದಿರಲಿ, ನೆರಳಿನ ಬದಿಗೆ ನೀಲಿ. ಪ್ಯಾಲೆಟ್‌ನಲ್ಲಿ ಪೂರ್ತಿ ಕಲಸದೆ ಎರಡನ್ನೂ ಒದ್ದೆ ಹಾಳೆಯ ಮೇಲೆ ಪಕ್ಕಪಕ್ಕ ಬಿಟ್ಟರೆ ಅಲ್ಟ್ರಾಮರೀನ್ ಕಣಕಣವಾಗಿ ಕೂತು ತೊಗಟೆಯ ಒರಟು ತಾನಾಗಿ ಬರುತ್ತದೆ. ತೊಳೆಯುವ ನೀರು ಕಂದಾಗಿದ್ದರೆ ಬದಲಿಸಿ. ಎರಡು ಪಾತ್ರೆ ಇಟ್ಟುಕೊಳ್ಳಿ, ಒಂದು ತೊಳೆಯಲು, ಒಂದು ಕಲಸಲು. ಕೊಳವೆಬಾವಿಯ ಗಡಸು ನೀರಿನಲ್ಲಿ ಕೆಲವು ಬಣ್ಣಗಳು ಬೇಡದಷ್ಟು ಕಣಕಣವಾಗುವುದುಂಟು. ಒಮ್ಮೆ ಕುಡಿಯುವ ಫಿಲ್ಟರ್ ನೀರಿನಲ್ಲಿ ಕಲಸಿ ಹೋಲಿಸಿ ನೋಡಿ.

ಬೊಡ್ಡೆ ಚಪ್ಪಟೆ ಎನಿಸಿದರೆ ಗೀಟುಗಳೆಲ್ಲ ಮೇಲಿಂದ ಕೆಳಕ್ಕೇ ಇವೆಯೇ ನೋಡಿ. ದುಂಡನ್ನು ಹೇಳುವುದು ಅಡ್ಡ ಗೀಟು. ವಟಸಾವಿತ್ರಿ ಹುಣ್ಣಿಮೆ ಕಳೆದ ಮೇಲೆ ಪೂಜೆಗೊಂಡ ಆಲದ ಬೊಡ್ಡೆಯನ್ನು ಹತ್ತಿರದಿಂದ ನೋಡಿ: ಸುತ್ತಿದ ಬಿಳಿ ನೂಲು ಉಬ್ಬಿನ ಮೇಲೆ ಬಿಗಿದು, ಎರಡು ಬೇರು ಕೂಡಿದ ತಗ್ಗಿನಲ್ಲಿ ತೊಗಟೆ ಬಿಟ್ಟು ಗಾಳಿಯಲ್ಲಿ ಹಾದು, ಅಂಚಿಗೆ ಹೋದಂತೆ ಎಳೆಗಳು ಒತ್ತೊತ್ತಾಗಿ ಬಾಗಿ ಮರೆಯಾಗುತ್ತವೆ. ಆ ಬಾಗನ್ನೇ ತೊಗಟೆಯ ಸುಕ್ಕುಗಳಿಗೂ ಕೊಡಿ. ಕಣ್ಣಿನ ಮಟ್ಟಕ್ಕಿಂತ ಮೇಲಿನವು ಮೇಲಕ್ಕೆ ಬಾಗಲಿ, ಕೆಳಗಿನವು ಕೆಳಕ್ಕೆ.

ಮರ ನೆಲದಿಂದ ಮೇಲೆ ತೇಲುತ್ತಿದ್ದರೆ ಬುಡದ ಗಡಸು ಅಂಚನ್ನು ಕರಗಿಸಿ, ನೆರಳನ್ನು ಬೊಡ್ಡೆಗೆ ತಾಗಿಸಿಯೇ ಶುರುಮಾಡಿ. ಅಷ್ಟಕ್ಕೇ ಸರಿಹೋಗುತ್ತದೆ.

ಒಣಗಿದ ಮೇಲೆ ಇಡೀ ಚಿತ್ರ ಮಂಕು

ಜಲವರ್ಣ ಒಣಗಿದಾಗ ತಿಳಿಯಾಗುವುದು ಅದರ ಗುಣ, ದೋಷವಲ್ಲ. ಒದ್ದೆ ಇದ್ದಾಗ ಸ್ವಲ್ಪ ಹೆಚ್ಚಾಯಿತು ಎನಿಸುವಷ್ಟು ಗಾಢ ಹಾಕಿ. ಆದರೂ ಮಂಕಾದರೆ, ಪ್ಯಾಲೆಟ್‌ನಲ್ಲಿ ಬಿಳಿ ಸೇರಿತ್ತೇ, ಜಲವರ್ಣದ ಟ್ಯೂಬಿನ ಬದಲು ಪೋಸ್ಟರ್ ಕಲರ್ ಬಂದಿದೆಯೇ ನೋಡಿ. ಎರಡೂ ಹಾಳೆಯ ಬಿಳುಪನ್ನು ಮುಚ್ಚುತ್ತವೆ.

ಹಾಳೆಯೇ ಕೈಕೊಟ್ಟಿದೆ

ಉಬ್ಬಿ ಹಳ್ಳದಿಣ್ಣೆಯಾಗಿದ್ದರೆ ಹಾಳೆ ತೆಳು. 300 ಜಿಎಸ್‌ಎಮ್ (ಚದರ ಮೀಟರಿಗೆ 300 ಗ್ರಾಂ ತೂಗುವ) ಹಾಳೆ ಬಳಸಿ. ತೆಳುವಾದದ್ದೇ ಇದ್ದರೆ ಮೊದಲು ನೆನೆಸಿ, ಹಲಗೆಗೆ ಗಮ್ ಟೇಪಿನಿಂದ ನಾಲ್ಕೂ ಬದಿ ಬಿಗಿದು, ಒಣಗಿದ ಮೇಲೆ ಬರೆಯಿರಿ. ಮುಗಿದ ಚಿತ್ರ ಉಬ್ಬಿದ್ದರೆ ಹಿಂಬದಿಯನ್ನು ತುಸು ತೇವ ಮಾಡಿ, ಎರಡು ಸ್ವಚ್ಛ ಹಾಳೆಗಳ ನಡುವೆ ಭಾರ ಹೇರಿ ಒಂದು ರಾತ್ರಿ ಇಡಿ.

ಬಣ್ಣ ಹಾಕಿದ ಕೂಡಲೇ ಬ್ಲಾಟಿಂಗ್ ಪೇಪರಿನಂತೆ ಹೀರಿ ಕಪ್ಪು ಚುಕ್ಕೆಗಳು ಎದ್ದರೆ ಹಾಳೆಯ ಮೇಲಿನ ಅಂಟಿನ ಲೇಪ ಹಾಳಾಗಿದೆ. ಮಳೆಗಾಲದ ಥಂಡಿಯಲ್ಲಿ ವರ್ಷಗಟ್ಟಲೆ ಇಟ್ಟ ಹಾಳೆಗೆ ಹೀಗಾಗುತ್ತದೆ. ಮೂಲೆಯಲ್ಲಿ ಒಂದು ಹನಿ ನೀರು ಬಿಡಿ: ಗುಂಡಗೆ ನಿಂತರೆ ಹಾಳೆ ಚೆನ್ನಾಗಿದೆ, ಕೂಡಲೇ ಇಂಗಿದರೆ ಅದನ್ನು ಇದ್ದಿಲು, ಪೆನ್ಸಿಲಿಗೆ ಮೀಸಲಿಡಿ. ಯಾವ ಕೈಚಳಕದಿಂದಲೂ ಅದರ ಮೇಲೆ ಜಲವರ್ಣ ಕೂರದು.

ಉಜ್ಜಿದಲ್ಲಿ ಸಣ್ಣ ನಾರಿನ ಉಂಡೆ ಎದ್ದರೆ ನಿಲ್ಲಿಸಬೇಕಾದ ಹೊತ್ತು ಬಂತು. ಆ ಜಾಗಕ್ಕೆ ಇನ್ನು ಏನು ಹಾಕಿದರೂ ಗಾಯದಂತೆ ಕಪ್ಪಾಗುತ್ತದೆ. ಒಂದೇ ಜಾಗದಲ್ಲಿ ಮೂರು ಸಲ ಬಣ್ಣ ಎತ್ತಿಯೂ ಸರಿಹೋಗದಿದ್ದರೆ ಹೊಸ ಹಾಳೆ ತೆಗೆದುಕೊಳ್ಳುವುದೇ ಅಗ್ಗ. ಹಳೆಯ ಚಿತ್ರದ ಮೇಲೆ ಬೂಷ್ಟಿನ ಕಂದು ಚುಕ್ಕೆ ಕಂಡರೆ ಒರೆಸಬೇಡಿ, ಬಿಸಿಲಿಗೂ ಹಿಡಿಯಬೇಡಿ. ಬೇರೆ ಚಿತ್ರಗಳಿಂದ ದೂರವಿಟ್ಟು, ಮುಖ್ಯವಾದದ್ದಾದರೆ ಕಾಗದ ಸಂರಕ್ಷಣೆ ಬಲ್ಲವರಿಗೆ ತೋರಿಸಿ.

ಕೈಗೂ ಮೈಗೂ ಸಂಬಂಧಿಸಿದ ಎಚ್ಚರಿಕೆ

ಬ್ರಷ್‌ನ ತುದಿಯನ್ನು ಬಾಯಲ್ಲಿ ಚೂಪು ಮಾಡುವ ಅಭ್ಯಾಸ ಇದ್ದರೆ ಇಂದೇ ಬಿಡಿ. ಕ್ಯಾಡ್ಮಿಯಮ್, ಕೋಬಾಲ್ಟ್ ಇರುವ ಬಣ್ಣಗಳು ಹೊಟ್ಟೆಗೆ ಹೋಗಬಾರದು. ತೊಳೆಯುವ ನೀರಿಗೆ ಕಾಫಿ ಲೋಟ ಬೇಡ, ಮಕ್ಕಳಿಗೂ ಬೆಕ್ಕಿಗೂ ಎಟುಕದಂತೆ ಇಡಿ. ಹೇರ್ ಡ್ರೈಯರ್ ಹಿಡಿಯುವ ಮೊದಲು ನೀರಿನ ಪಾತ್ರೆಯನ್ನು ದೂರ ಸರಿಸಿ, ಕೈ ಒರೆಸಿಕೊಳ್ಳಿ.

ಮರದಡಿ ಕೂತು ಬರೆಯುವುದಾದರೆ ಮೊದಲು ತಲೆಯೆತ್ತಿ ನೋಡಿ. ಎತ್ತರದ ಕೊಂಬೆಯ ತಳದಲ್ಲಿ ಹೆಜ್ಜೇನಿನ ತಟ್ಟಿ ಜೋತಿದ್ದರೆ ಆ ಮರ ಬೇಡ, ದೂರದಿಂದ ಬರೆಯಿರಿ. ನೊಣಗಳು ಎದ್ದರೆ ಚಿತ್ರ, ಬಣ್ಣ ಬಿಟ್ಟು ಓಡಿ ಮನೆಯೊಳಗೋ ಕಾರಿನೊಳಗೋ ಸೇರಿಕೊಳ್ಳಿ. ಹಲವು ಕಡಿತವಾಗಿದ್ದರೆ, ಮುಖ ಊದಿದರೆ, ಉಸಿರು ಕಟ್ಟಿದರೆ ನೇರ ಆಸ್ಪತ್ರೆಗೆ. ಒಣಗಿದ ಕೊಂಬೆಯ ಕೆಳಗೆ ಕುರ್ಚಿ ಹಾಕಬೇಡಿ. ಎಲೆ ಮುರಿದಾಗ ಬರುವ ಹಾಲು ಕಣ್ಣಿಗೆ ತಾಗಬಾರದು. ಗುಡುಗು ಕೇಳಿದ ಕೂಡಲೇ, ಹಾಳೆ ರೇಷ್ಮೆ ಹೊಳಪಿನಲ್ಲೇ ಇದ್ದರೂ, ಮರದಡಿಯಿಂದ ಎದ್ದು ಕಟ್ಟಡದೊಳಗೆ ಬನ್ನಿ.